ಉರಿಯೂತದ ಕಾಯಿಲೆಗಳು: ಔಷಧಿ ಅಂಗಡಿಯಲ್ಲಿ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ. ಫಾರ್ಮಸಿ ಓದಿದ್ದೇನೆ, ಡಾಕ್ಟರ್ ಅಲ್ಲ. ಸಕಲೇಶಪುರ, ಬೇಲೂರು, ಅರಸೀಕೆರೆ, ಮೂಡಿಗೆರೆ ಕಡೆಯಿಂದ ಚೀಟಿ ಹಿಡಿದು ಬರುವವರು, ಡಾಕ್ಟರ ಮುಂದೆ ಕೇಳಲು ಹಿಂಜರಿದದ್ದನ್ನೆಲ್ಲ ನನ್ನ ಹತ್ತಿರ ಕೇಳುತ್ತಾರೆ. ಮಾತ್ರೆ ಎಣಿಸುತ್ತಾ ಅರ್ಧಂಬರ್ಧ ಹೇಳಿ ಕಳಿಸುವುದಕ್ಕಿಂತ ಬರೆದಿಡುವುದೇ ಮೇಲು ಅನ್ನಿಸಿತು. ಯಾರಿಗೆ ಯಾವ ಮಾತ್ರೆ, ಎಷ್ಟು ಡೋಸ್ ಅನ್ನುವುದು ಇಲ್ಲಿ ಸಿಗುವುದಿಲ್ಲ. ಅದು ನಿಮ್ಮ ಡಾಕ್ಟರ ಕೆಲಸ. ಮೈಯೊಳಗೆ ಏನು ನಡೆಯುತ್ತದೆ, ಆ ಮಾತ್ರೆ ಯಾಕೆ ಬರೆದಿದ್ದಾರೆ, ಅಷ್ಟು ಮಾತ್ರ ಇದೆ.

ಉರಿಯೂತ ಅಂದ್ರೆ ಇನ್ಫೆಕ್ಷನ್ ತಾನೇ?

ಅಲ್ಲ. ಇನ್ಫೆಕ್ಷನ್ ಅಂದರೆ ಹೊರಗಿನ ಕ್ರಿಮಿ ಒಳಗೆ ಬಂದು ಬೆಳೆಯುವುದು. ಉರಿಯೂತ ಅಂದರೆ ನಮ್ಮದೇ ಮೈ ಮಾಡುವ ಗಲಾಟೆ. ಕ್ರಿಮಿ ಇಲ್ಲದೆಯೂ ಅದು ಆಗುತ್ತದೆ. ಕಾಲು ಉಳುಕಿದಾಗ ಊದುತ್ತದಲ್ಲ, ಅಲ್ಲಿ ಯಾವ ಕ್ರಿಮಿ ಇದೆ?

ತೋಟದಲ್ಲಿ ಕಳೆ ತೆಗೆಯುವಾಗ ಬೆರಳಿಗೆ ಮುಳ್ಳು ಚುಚ್ಚಿತು ಅನ್ನಿ. ಚರ್ಮದ ಕೆಳಗೆ ಮೊದಲೇ ಬೀಡುಬಿಟ್ಟಿರುವ ಮ್ಯಾಕ್ರೋಫೇಜ್ ಮತ್ತು ಮಾಸ್ಟ್ ಎಂಬ ಕಾವಲು ಕಣಗಳಿಗೆ ಮೊದಲು ಗೊತ್ತಾಗುತ್ತದೆ. ಅವು ಹಿಸ್ಟಮೈನ್, ಪ್ರೋಸ್ಟಾಗ್ಲಾಂಡಿನ್ ಮುಂತಾದ ರಾಸಾಯನಿಕ ಬಿಡುತ್ತವೆ. ರಕ್ತನಾಳ ಹಿಗ್ಗುತ್ತದೆ, ಜಾಗ ಕೆಂಪಾಗಿ ಬಿಸಿಯಾಗುತ್ತದೆ. ನಾಳದ ಗೋಡೆ ಸಡಿಲವಾಗಿ ನೀರು ಸೋರುತ್ತದೆ, ಊತ ಬರುತ್ತದೆ. ನರದ ತುದಿ ಕೆರಳಿ ನೋವಾಗುತ್ತದೆ. ಕೆಂಪು, ಊತ, ಬಿಸಿ, ನೋವು ಅನ್ನುವ ಈ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ 1ನೇ ಶತಮಾನದಲ್ಲೇ ಬರೆದಿಟ್ಟಿದ್ದ. ಆಮೇಲೆ ಕೆಲವೇ ಗಂಟೆಯಲ್ಲಿ ರಕ್ತದಿಂದ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಬಂದು ಸೇರುತ್ತವೆ.

ಇದನ್ನು ಕಣ್ಣಾರೆ ಕಂಡವನು ರಷ್ಯಾದ ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ಬಿಟ್ಟ. ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು. 1908ರಲ್ಲಿ ನೊಬೆಲ್ ಬಂತು.

ಮುಳ್ಳು ಹೋದ ಮೇಲೆ ಇದೆಲ್ಲ ನಿಲ್ಲಬೇಕು. ಸತ್ತ ನ್ಯೂಟ್ರೋಫಿಲ್‌ಗಳನ್ನು ಮ್ಯಾಕ್ರೋಫೇಜ್ ನುಂಗಬೇಕು, ಸಾಕು ನಿಲ್ಲಿಸಿ ಅನ್ನುವ ಐಎಲ್-10 ಎಂಬ ಪ್ರೋಟೀನಿನಂಥ ಸಂದೇಶ ಹೊರಡಬೇಕು. ನಿಲ್ಲುವುದು ಸುಮ್ನೆ ತಾನಾಗೇ ಆಗುವುದಿಲ್ಲ, ಅದೂ ಒಂದು ಕೆಲಸ. ಆ ಕೆಲಸ ಕೆಟ್ಟಾಗ ಕಾಯಿಲೆ.

ಸೈಟೋಕೈನ್ ಅಂತ ಡಾಕ್ಟರ್ ಹೇಳಿದ್ರು. ಅದೇನು?

ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಸಣ್ಣ ಪ್ರೋಟೀನು. ಒಂದು ಕಣ ಬಿಡುತ್ತದೆ, ಇನ್ನೊಂದು ಕಣದ ಮೈಮೇಲಿರುವ ರಿಸೆಪ್ಟರ್ ಅದನ್ನು ಹಿಡಿಯುತ್ತದೆ, ಆ ಕಣದೊಳಗೆ ಯಾವ್ಯಾವುದೋ ಜೀನ್‌ಗಳು ಕೆಲಸ ಶುರು ಮಾಡುತ್ತವೆ.

ಆಲೂರು, ಸಕಲೇಶಪುರದವರಿಗೆ ನಾನು ಆನೆ ಮೆಸೇಜಿನ ಉದಾಹರಣೆ ಕೊಡುತ್ತೇನೆ. ತೋಟಕ್ಕೆ ಆನೆ ಇಳಿದಿದೆ ಅಂತ ಮೊಬೈಲಿಗೆ ಸುದ್ದಿ ಬರುತ್ತದೆ. ಒಬ್ಬರು ಮಕ್ಕಳನ್ನು ಒಳಗೆ ಕರೆಯುತ್ತಾರೆ. ಇನ್ನೊಬ್ಬರು ಪಟಾಕಿ ಹುಡುಕುತ್ತಾರೆ. ಮತ್ತೊಬ್ಬರು ಅದೇ ಮೆಸೇಜನ್ನು ಹತ್ತು ಜನಕ್ಕೆ ಕಳಿಸುತ್ತಾರೆ. ಸುದ್ದಿ ಒಂದೇ, ಓದಿದವರು ಮಾಡುವುದು ಬೇರೆ ಬೇರೆ. ಈಗ ಆನೆ ಕಾಡಿಗೆ ಹೋಗಿ ಎಷ್ಟೋ ದಿನವಾದರೂ ಮೆಸೇಜ್ ಸುತ್ತುತ್ತಲೇ ಇದ್ದರೆ? ಜನ ತೋಟ ಬಿಟ್ಟು ಕದಲುವುದಿಲ್ಲ. ಕಾಫಿ ಗಿಡ ತುಳಿದು ಹಾಳಾಗುವುದು ಜನರ ಕಾಲಿಂದ. ಕೆಲವು ಸಲ ಆನೆ ಬಂದೇ ಇರುವುದಿಲ್ಲ, ಸುಳ್ಳು ಸುದ್ದಿ. ಮೈಯ ಕಾವಲು ಕಣಗಳು ನಮ್ಮ ಮೈ ಮೇಲೇ ತಿರುಗಿಬೀಳುವ ಆಟೋಇಮ್ಯೂನ್ ಕಾಯಿಲೆ ಹೀಗೆ.

ಮುಖ್ಯ ಹೆಸರುಗಳು ಟಿಎನ್‌ಎಫ್, ಐಎಲ್-1, ಐಎಲ್-6. ಐಎಲ್ ಅಂದರೆ ಇಂಟರ್‌ಲ್ಯೂಕಿನ್. ಹುಟ್ಟಿದ ಜಾಗದಲ್ಲೇ ಕೆಲಸ ಮಾಡುವುದರ ಜೊತೆಗೆ ಇವು ರಕ್ತದಲ್ಲಿ ಸೇರಿ ದೂರವೂ ಹೋಗುತ್ತವೆ. ಮೆದುಳಿನ ಹೈಪೋಥಲಾಮಸ್‌ನಲ್ಲಿ ಪ್ರೋಸ್ಟಾಗ್ಲಾಂಡಿನ್ ಹುಟ್ಟಿಸಿ ಜ್ವರ ತರುತ್ತವೆ. ಪ್ಯಾರಸಿಟಮಾಲ್ ಜ್ವರ ಇಳಿಸುವುದು ಈ ಹಂತಕ್ಕೆ ತಡೆ ಹಾಕಿ. ಅದು ಸೈಟೋಕೈನನ್ನು ಮುಟ್ಟುವುದಿಲ್ಲ, ಆದ್ದರಿಂದ ಕಾಯಿಲೆ ವಾಸಿಯಾಗುವುದೂ ಇಲ್ಲ.

ಬ್ಲಡ್ ರಿಪೋರ್ಟಿನಲ್ಲಿ ಬಿಳಿ ರಕ್ತಕಣದ ಕೆಳಗೆ ಐದು ಹೆಸರು ಇದಾವೆ. ಯಾವುದು ಏನು ಮಾಡುತ್ತೆ?

ನ್ಯೂಟ್ರೋಫಿಲ್ ದೊಡ್ಡವರಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಇರುತ್ತದೆ. ಮೊದಲು ಓಡಿ ಬರುವುದು ಅದೇ, ಬೇಗ ಸಾಯುವುದೂ ಅದೇ. ಕೀವಿನಲ್ಲಿ ಇರುವುದು ಹೆಚ್ಚಾಗಿ ಇವುಗಳ ಹೆಣ. ಮೋನೋಸೈಟ್ ರಕ್ತ ಬಿಟ್ಟು ಅಂಗಾಂಶಕ್ಕೆ ಹೋದರೆ ಮ್ಯಾಕ್ರೋಫೇಜ್ ಆಗುತ್ತದೆ. ಟಿಎನ್‌ಎಫ್, ಐಎಲ್-1, ಐಎಲ್-6 ಮೂರನ್ನೂ ಧಾರಾಳವಾಗಿ ಬಿಡುವ ಕಣ ಇದು. ಇಯೋಸಿನೋಫಿಲ್ ಹೊಟ್ಟೆಹುಳದ ವಿರುದ್ಧ ಇರುವಂಥದ್ದು, ಅಲರ್ಜಿಯಲ್ಲೂ ಏರುತ್ತದೆ. ಬೇಸೋಫಿಲ್ ತೀರಾ ಕಡಿಮೆ, ಅದನ್ನು ನೋಡಿ ತಲೆ ಕೆಡಿಸಿಕೊಳ್ಳುವುದು ಬೇಡ.

ಲಿಂಫೋಸೈಟ್ ಅಂತ ಒಂದೇ ಸಾಲಿನಲ್ಲಿ ಬರೆದಿರುತ್ತಾರೆ, ಆದರೆ ಅದರೊಳಗೆ ಒಂದು ಸಂಸಾರವೇ ಇದೆ. ಬಿ ಕಣಗಳು ಆಂಟಿಬಾಡಿ ಮಾಡುತ್ತವೆ, ಅಂದರೆ ಪರಕೀಯವನ್ನು ಗುರುತು ಹಿಡಿದು ಅಂಟಿಕೊಳ್ಳುವ ಪ್ರೋಟೀನು. ಟಿ ಕಣಗಳಲ್ಲಿ ಹಲವು ಬಗೆ. ಟಿಎಚ್-1 ಬಗೆಯವು ಇಂಟರ್‌ಫೆರಾನ್ ಗಾಮಾ ಬಿಟ್ಟು ಮ್ಯಾಕ್ರೋಫೇಜ್‌ಗಳನ್ನು ಹುರಿದುಂಬಿಸುತ್ತವೆ. ಟಿಎಚ್-2 ಬಗೆಯವು ಐಎಲ್-4, ಐಎಲ್-5, ಐಎಲ್-13 ಬಿಡುತ್ತವೆ, ಅಲರ್ಜಿಯ ದಾರಿ ಅದು. ಟಿಎಚ್-17 ಬಿಡುವುದು ಐಎಲ್-17, ಅದು ಚರ್ಮದ ಕಾಯಿಲೆ ಸೋರಿಯಾಸಿಸ್‌ನ ಮುಖ್ಯ ಪಾತ್ರಧಾರಿ. ಇವರೆಲ್ಲರ ಕೈ ಹಿಡಿದು ನಿಲ್ಲಿಸುವ ಇನ್ನೊಂದು ಬಗೆ ಇದೆ, ನಿಯಂತ್ರಕ ಟಿ ಕಣ. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಅದನ್ನು ತೋರಿಸಿದರು. ಫಾಕ್ಸ್‌ಪಿ3 ಅನ್ನುವ ಜೀನ್ ಕೆಟ್ಟರೆ ಎಳೆಗೂಸಿನಲ್ಲೇ ಕರುಳು, ಚರ್ಮ, ಪ್ಯಾಂಕ್ರಿಯಾಸ್ ಮೇಲೆ ಸ್ವಂತ ಕಣಗಳೇ ದಾಳಿ ಮಾಡುತ್ತವೆ ಎಂದು ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ಹೇಳಿದರು. ಆ ಜೀನೇ ನಿಯಂತ್ರಕ ಕಣಗಳನ್ನು ರೂಪಿಸುತ್ತದೆ ಅಂತ ಆಮೇಲೆ ಗೊತ್ತಾಯಿತು. 2025ರ ವೈದ್ಯಕೀಯ ನೊಬೆಲ್ ಈ ಮೂವರಿಗೆ ಬಂತು.

ಇಮ್ಯೂನಿಟಿ ಕಮ್ಮಿ ಆಗಿ ಸಂಧಿವಾತ ಬಂದಿದೆ. ಬೂಸ್ಟರ್ ಏನಾದ್ರೂ ಕೊಡಿ ಅಣ್ಣ.

ಈ ಪ್ರಶ್ನೆಗೆ ನನಗೆ ತಾಳ್ಮೆ ಸ್ವಲ್ಪ ಕಡಿಮೆ. ಕೋವಿಡ್ ನಂತರ ಬೂಸ್ಟರ್ ಅನ್ನುವುದು ಎಲ್ಲರ ಬಾಯಲ್ಲಿ ಕೂತುಬಿಟ್ಟಿದೆ. ರುಮಟಾಯ್ಡ್ ಸಂಧಿವಾತ, ಸೋರಿಯಾಸಿಸ್, ಹಲವು ಅಂಗಗಳಿಗೆ ತಗಲುವ ಲೂಪಸ್, ಕರುಳಿನ ಕ್ರೋನ್ಸ್ ಕಾಯಿಲೆ, ಇವು ಯಾವುವೂ ರೋಗನಿರೋಧಕ ಶಕ್ತಿ ಕಡಿಮೆಯಾಗಿ ಬರುವಂಥವಲ್ಲ. ಬೇಡದ ಜಾಗದಲ್ಲಿ, ಬೇಡದ ಹೊತ್ತಿನಲ್ಲಿ, ಜಾಸ್ತಿ ಕೆಲಸ ಮಾಡಿದ್ದರಿಂದ ಬರುವಂಥವು. ಆದ್ದರಿಂದ ನೀವು ಕೇಳಬೇಕಾದ್ದು ಶಕ್ತಿ ಹೇಗೆ ಹೆಚ್ಚಿಸಲಿ ಅಂತಲ್ಲ. ನನ್ನ ಮೈಯಲ್ಲಿ ಯಾವ ಸಂದೇಶ ನಿಲ್ಲದೆ ಓಡುತ್ತಿದೆ, ಅದನ್ನು ಹೇಗೆ ತಗ್ಗಿಸುವುದು ಅಂತ.

ಗಿಡಮೂಲಿಕೆ ಅಂದರೆ ಅಡ್ಡಪರಿಣಾಮ ಇಲ್ಲ ಅನ್ನುವುದೂ ಸರಿಯಲ್ಲ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರ್ ಉರಿಯೂತ ಕಂಡುಬಂದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಆಟೋಇಮ್ಯೂನ್ ಕಾಯಿಲೆ ಇರುವವರಿಗೆ ನನ್ನ ಕೌಂಟರಿನಿಂದ ಅದನ್ನು ಕೊಡುವುದಿಲ್ಲ.

ಸಂಧಿವಾತದಲ್ಲಿ ಕೀಲಿನ ಒಳಗೆ ಏನಾಗುತ್ತೆ? ಸವೆದು ಹೋಗಿದೆ ಅಂತಾರಲ್ಲ?

ಸವೆತ ಬೇರೆ, ಇದು ಬೇರೆ. ವಯಸ್ಸಾದ ಮೇಲೆ ಮಂಡಿ ಸವೆಯುವುದು ಆಸ್ಟಿಯೋಆರ್ಥ್ರೈಟಿಸ್. ಅಲ್ಲೂ ಸ್ವಲ್ಪ ಉರಿಯೂತ ಇದೆ, ಆದರೆ ರುಮಟಾಯ್ಡ್‌ನಲ್ಲಿ ಇಡೀ ನಾಟಕವೇ ಉರಿಯೂತದ್ದು.

ಕೀಲಿನ ಒಳಗೋಡೆಗೆ ಸೈನೋವಿಯಂ ಎಂಬ ತೆಳ್ಳನೆಯ ಪೊರೆ ಇದೆ. ಕೀಲು ಜಾರಲು ಬೇಕಾದ ದ್ರವವನ್ನು ಮಾಡುವುದು ಅದೇ. ರುಮಟಾಯ್ಡ್‌ನಲ್ಲಿ ಟಿ ಕಣ, ಬಿ ಕಣ, ಮ್ಯಾಕ್ರೋಫೇಜ್ ಎಲ್ಲ ಬಂದು ಈ ಪೊರೆಯಲ್ಲಿ ಠಿಕಾಣಿ ಹೂಡುತ್ತವೆ. ಮ್ಯಾಕ್ರೋಫೇಜ್ ಬಿಟ್ಟ ಟಿಎನ್‌ಎಫ್ ಪಕ್ಕದ ಕಣಕ್ಕೆ ಐಎಲ್-1, ಐಎಲ್-6 ಬಿಡಲು ಹೇಳುತ್ತದೆ. ಅವು ಇನ್ನಷ್ಟು ಕಣಗಳನ್ನು ಕರೆಯುತ್ತವೆ. ಪೊರೆ ದಪ್ಪವಾಗಿ ಮೂಳೆಯ ಅಂಚಿನ ಮೇಲೆ ಹಬ್ಬುತ್ತದೆ. ಅದರೊಳಗಿನ ಕಣಗಳು ಮೃದ್ವಸ್ಥಿಯನ್ನು ಕರಗಿಸುವ ಕಿಣ್ವ ಬಿಡುತ್ತವೆ. ಮೂಳೆ ತಿನ್ನುವ ಆಸ್ಟಿಯೋಕ್ಲಾಸ್ಟ್ ಕಣಗಳೂ ಇದೇ ಸಂದೇಶಗಳಿಂದ ಎಚ್ಚರವಾಗುತ್ತವೆ. ಎಕ್ಸ್‌ರೇಯಲ್ಲಿ ಮೂಳೆಯ ಅಂಚು ಕಚ್ಚಿ ತೆಗೆದಂತೆ ಕಾಣುವುದು ಅದರಿಂದ. ಒಮ್ಮೆ ಹೋದ ಮೂಳೆ ಪೂರ್ತಿ ವಾಪಸ್ ಬರುವುದಿಲ್ಲ. ಡಾಕ್ಟರುಗಳು ಮೊದಲ ಕೆಲವು ತಿಂಗಳಲ್ಲೇ ಚಿಕಿತ್ಸೆ ಶುರು ಮಾಡಿ ಎಂದು ಬೊಬ್ಬೆ ಹೊಡೆಯುವುದು ಇದಕ್ಕೇ.

ಕೀಲಿಗೆ ಮಾತ್ರ ನಿಲ್ಲುವುದೂ ಇಲ್ಲ. ಐಎಲ್-6 ಲಿವರಿಗೆ ಹೋಗಿ ಹೆಪ್ಸಿಡಿನ್ ಎಂಬ ಹಾರ್ಮೋನ್ ಹೆಚ್ಚಿಸುತ್ತದೆ. ಆಗ ತಿಂದ ಕಬ್ಬಿಣ ಸರಿಯಾಗಿ ಹೀರಿಕೆಯಾಗುವುದಿಲ್ಲ, ದೇಹದಲ್ಲಿರುವ ಕಬ್ಬಿಣವೂ ಬಳಕೆಗೆ ಸಿಗುವುದಿಲ್ಲ. ಸಂಧಿವಾತ ಇರುವ ಹೆಂಗಸರಿಗೆ ಎಷ್ಟು ಐರನ್ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದೆ ಇದ್ದರೆ ಇದೂ ಒಂದು ಕಾರಣ ಇರಬಹುದು. ಸುಸ್ತು ಅನ್ನುವುದು ಸೋಮಾರಿತನ ಅಲ್ಲ. ಮನೆಯವರು ದಯವಿಟ್ಟು ಗಮನಿಸಿ.

ಹೆಂಗಸರಲ್ಲಿ ಈ ಕಾಯಿಲೆ ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಜಾಸ್ತಿ. ಹೊಗೆಯಿಂದ ಶ್ವಾಸಕೋಶದ ಪ್ರೋಟೀನುಗಳು ಸ್ವಲ್ಪ ಬದಲಾಗುತ್ತವೆ, ಅವನ್ನು ಪರಕೀಯ ಅಂದುಕೊಂಡು ಬಿ ಕಣಗಳು ಆಂಟಿಬಾಡಿ ಮಾಡಲು ಶುರು ಮಾಡುತ್ತವೆ. ಆಂಟಿ ಸಿಸಿಪಿ ಎಂಬ ಟೆಸ್ಟ್ ಹುಡುಕುವುದು ಈ ಆಂಟಿಬಾಡಿಯನ್ನೇ. ಕೆಲವರಲ್ಲಿ ಕೀಲು ನೋವು ಬರುವ ವರ್ಷಗಳ ಮುಂಚೆಯೇ ಅದು ರಕ್ತದಲ್ಲಿ ಇರುತ್ತದೆ.

ಚಿಕುನ್‌ಗುನ್ಯಾ ಬಂದು ಹೋಯ್ತು, ಕೀಲು ನೋವು ಮಾತ್ರ ಹೋಗಿಲ್ಲ. ಯಾಕೆ?

2006ರಲ್ಲಿ ನಮ್ಮ ರಾಜ್ಯದಲ್ಲಿ ಚಿಕುನ್‌ಗುನ್ಯಾ ಹಬ್ಬಿದ್ದು ಹಳಬರಿಗೆ ನೆನಪಿರುತ್ತದೆ. ಬೆನ್ನು ಬಾಗಿಸಿಕೊಂಡೇ ಆಸ್ಪತ್ರೆಗೆ ಬರುತ್ತಿದ್ದರು. ಜ್ವರ ವಾರದಲ್ಲಿ ಬಿಟ್ಟರೂ ಕೆಲವರಿಗೆ ಕೀಲು ನೋವು ತಿಂಗಳುಗಟ್ಟಲೆ, ಅಪರೂಪಕ್ಕೆ ವರ್ಷಗಟ್ಟಲೆ ಉಳಿಯುತ್ತದೆ. ವೈರಸ್ ರಕ್ತದಿಂದ ಹೋಗಿರುತ್ತದೆ, ಕೀಲಿನಲ್ಲಿ ಮ್ಯಾಕ್ರೋಫೇಜ್‌ಗಳು ಐಎಲ್-6 ಮುಂತಾದವನ್ನು ಬಿಡುತ್ತಲೇ ಇರುತ್ತವೆ. ಬಹಳ ಜನಕ್ಕೆ ನಿಧಾನಕ್ಕೆ ಇಳಿಯುತ್ತದೆ. ಮೂರು ತಿಂಗಳಾದರೂ ಊತ ಇಳಿಯದಿದ್ದರೆ ರುಮಟಾಯ್ಡ್ ಟೆಸ್ಟ್ ಮಾಡಿಸುವುದು ಒಳ್ಳೆಯದು. ಎರಡೂ ಒಂದೇ ಥರ ಕಾಣುತ್ತವೆ.

ಬಾಡೂಟ ತಿಂದ ರಾತ್ರಿ ಕಾಲಿನ ಹೆಬ್ಬೆರಳು ಊದಿಕೊಳ್ತು. ಇದೂ ಅದೇನಾ?

ಗೌಟ್ ಇರಬಹುದು. ಯೂರಿಕ್ ಆಸಿಡ್ ಹೆಚ್ಚಾಗಿ ಸೂಜಿಯಂಥ ಹರಳುಗಳಾಗಿ ಕೀಲಿನಲ್ಲಿ ಕೂರುತ್ತದೆ. ಮ್ಯಾಕ್ರೋಫೇಜ್ ಆ ಹರಳನ್ನು ನುಂಗಿದಾಗ ಅದರೊಳಗಿನ ಇನ್‌ಫ್ಲಮಾಸೋಮ್ ಎಂಬ ಪ್ರೋಟೀನ್ ಜೋಡಣೆ ಎದ್ದು ಐಎಲ್-1 ಬೀಟಾ ಹೊರಗೆ ಸುರಿಯುತ್ತದೆ. ನ್ಯೂಟ್ರೋಫಿಲ್‌ಗಳು ಮುತ್ತುತ್ತವೆ. ಬೆಡ್‌ಶೀಟ್ ತಾಗಿದರೂ ಜೀವ ಹೋಗುವಷ್ಟು ನೋವು. ನೋವಿನ ಹೊತ್ತಿನಲ್ಲೇ ಟೆಸ್ಟ್ ಮಾಡಿಸಿದರೆ ಯೂರಿಕ್ ಆಸಿಡ್ ನಾರ್ಮಲ್ ಬರುವುದೂ ಉಂಟು. ಅದನ್ನು ನೋಡಿ ಗೌಟ್ ಅಲ್ಲ ಅಂತ ಬಿಡಬೇಡಿ.

ಕಾಫಿ ಕ್ಯೂರಿಂಗ್‌ನಲ್ಲಿ ಕೆಲಸ. ಧೂಳಿಗೆ ಉಬ್ಬಸ ಬರುತ್ತೆ. ಮನೆಗೆ ಬಂದ್ರೆ ಕಡಿಮೆ.

ಈ ಕೊನೆಯ ಮಾತನ್ನು ಡಾಕ್ಟರಿಗೆ ತಪ್ಪದೆ ಹೇಳಿ. ರಜೆಯಲ್ಲಿ ಕಡಿಮೆ, ಕೆಲಸಕ್ಕೆ ಹೋದರೆ ಜಾಸ್ತಿ ಅನ್ನುವುದು ಉದ್ಯೋಗದಿಂದ ಬರುವ ಆಸ್ತಮಾದ ಗುರುತು. ಹುರಿಯದ ಹಸಿ ಕಾಫಿ ಬೀಜದ ಧೂಳಿಗೆ ಅಲರ್ಜಿ ಆಗುವುದು ಜಗತ್ತಿನ ಬೇರೆ ಕಾಫಿ ನಾಡುಗಳಲ್ಲೂ ದಾಖಲಾಗಿದೆ. ಹುರಿದು ಕುಡಿಯುವ ಕಾಫಿಗೂ ಇದಕ್ಕೂ ಸಂಬಂಧವಿಲ್ಲ, ಗಾಬರಿ ಬೇಡ.

ಇಲ್ಲಿ ಓಡುವ ಸಂದೇಶಗಳೇ ಬೇರೆ. ಟಿಎಚ್-2 ಕಣದ ಐಎಲ್-4 ಕೇಳಿ ಬಿ ಕಣ ಐಜಿಇ ಆಂಟಿಬಾಡಿ ಮಾಡುತ್ತದೆ. ಅದು ಮಾಸ್ಟ್ ಕಣದ ಮೈಮೇಲೆ ಕೂತು ಕಾಯುತ್ತದೆ. ಧೂಳು ಬಂದ ನಿಮಿಷಗಳಲ್ಲೇ ಹಿಸ್ಟಮೈನ್, ಲ್ಯೂಕೋಟ್ರೈನ್ ಹೊರಬಿದ್ದು ಶ್ವಾಸನಾಳ ಬಿಗಿಯುತ್ತದೆ. ಐಎಲ್-5 ಇಯೋಸಿನೋಫಿಲ್‌ಗಳನ್ನು ಸಾಕುತ್ತದೆ, ಐಎಲ್-13 ಕಫ ಹೆಚ್ಚಿಸುತ್ತದೆ. ಸಂಧಿವಾತಕ್ಕೆ ಕೊಡುವ ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಆಸ್ತಮಾಕ್ಕೆ ಕೊಡದೆ ಇರುವುದು ಇದಕ್ಕೇ. ಊತ ಊತವೇ, ಆದರೆ ಅದನ್ನು ನಡೆಸುವವರು ಬೇರೆ.

ಇನ್ಹೇಲರ್ ಚಟ ಆಗುತ್ತದೆ ಅನ್ನುವುದು ಸುಳ್ಳು. ನೀಲಿ ಇನ್ಹೇಲರ್ ನಾಳವನ್ನು ಸಡಿಲಿಸುತ್ತದೆ ಅಷ್ಟೆ, ಉರಿಯೂತ ಹಾಗೇ ಉಳಿಯುತ್ತದೆ. ಉರಿಯೂತ ತಗ್ಗಿಸುವುದು ಸ್ಟೀರಾಯ್ಡ್ ಇರುವ ಇನ್ಹೇಲರ್. ನೀಲಿಯದ್ದನ್ನು ಮಾತ್ರ ಪದೇ ಪದೇ ಕೊಂಡುಹೋಗುವವರನ್ನು ನಾನು ನಿಲ್ಲಿಸಿ ಕೇಳುತ್ತೇನೆ. ಕೆಲವರಿಗೆ ಕೋಪ ಬರುತ್ತದೆ, ಬರಲಿ.

ಕಾಂಗ್ರೆಸ್ ಗಿಡ ಕಿತ್ತರೆ ಮೈಯೆಲ್ಲ ತುರಿಕೆ. ಅಲರ್ಜಿ ಮಾತ್ರೆ ತಗೊಂಡ್ರೂ ಹೋಗಲ್ಲ.

ಕಡೂರು, ಅರಸೀಕೆರೆ ಬಯಲಿನವರ ಪ್ರಶ್ನೆ ಇದು. 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದ ಪಾರ್ಥೇನಿಯಂ ಆಮೇಲೆ ದೇಶ ಪೂರ್ತಿ ಹಬ್ಬಿತು. ಗಿಡದಲ್ಲಿರುವ ಪಾರ್ಥೆನಿನ್ ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಅದನ್ನು ನೆನಪಿಟ್ಟುಕೊಂಡ ಟಿ ಕಣಗಳು ಮುಂದಿನ ಸಲ ತಾಗಿದ ಒಂದೆರಡು ದಿನದಲ್ಲಿ ಬಂದು ಕೆರಳುತ್ತವೆ. ಇಲ್ಲಿ ಮುಖ್ಯ ಪಾತ್ರ ಹಿಸ್ಟಮೈನಿನದಲ್ಲ. ಆದ್ದರಿಂದ ಸೆಟ್ರಿಜಿನ್ ನುಂಗಿದರೆ ನಿದ್ದೆ ಬರುತ್ತದೆ, ತುರಿಕೆ ಅಷ್ಟಾಗಿ ಹೋಗುವುದಿಲ್ಲ. ಗಿಡ ಮುಟ್ಟದಿದ್ದರೂ ಗಾಳಿಯಲ್ಲಿ ಬಂದ ಪುಡಿ ಸಾಕು. ಕಣ್ಣುರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ಮೊದಲು ಕಾಣುತ್ತದೆ. ತುಂಬು ತೋಳಿನ ಅಂಗಿ ಹಾಕಿ, ಹೂ ಬಿಡುವ ಮೊದಲೇ ಬೇರೆಯವರಿಂದ ಕೀಳಿಸಿ, ಚರ್ಮದ ಡಾಕ್ಟರನ್ನು ನೋಡಿ.

ಸೋರಿಯಾಸಿಸ್ ಅಂಟುತ್ತಾ?

ಇಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಪಕ್ಕದಲ್ಲಿ ಮಲಗಿದರೂ ಇಲ್ಲ. ಐಎಲ್-23 ಮತ್ತು ಐಎಲ್-17 ಸೇರಿ ಚರ್ಮದ ಕಣಗಳಿಗೆ ಬೇಗ ಬೇಗ ಬೆಳೆಯಲು ಹೇಳುತ್ತವೆ, ಹೊಟ್ಟು ಏಳುತ್ತದೆ. ಇದನ್ನು ಮುಚ್ಚಿಟ್ಟು ಮದುವೆ ಮುರಿದ ಕತೆ ಬಹಳ ಕೇಳಿದ್ದೇನೆ. ಕೀಲು ನೋವೂ ಇದ್ದರೆ ಡಾಕ್ಟರಿಗೆ ಹೇಳಿ, ಸೋರಿಯಾಟಿಕ್ ಸಂಧಿವಾತ ಅಂತ ಇದೆ.

ಸಿಆರ್‌ಪಿ ಜಾಸ್ತಿ ಇದೆ. ಏನು ಕಾಯಿಲೆ?

ಸಿಆರ್‌ಪಿ ಕಾಯಿಲೆಯ ಹೆಸರು ಹೇಳುವುದಿಲ್ಲ. ಐಎಲ್-6 ಬಂತು ಅಂತ ಲಿವರ್ ಮಾಡುವ ಪ್ರೋಟೀನ್ ಅದು. ನ್ಯುಮೋನಿಯಾದಲ್ಲೂ ಏರುತ್ತದೆ, ಸಂಧಿವಾತದಲ್ಲೂ ಏರುತ್ತದೆ. ಲೂಪಸ್‌ನಲ್ಲಿ ಕಾಯಿಲೆ ಜೋರಾಗಿದ್ದರೂ ಅಷ್ಟಾಗಿ ಏರದೆ ಇರಬಹುದು. ಇಎಸ್‌ಆರ್ ಅನ್ನುವ ಇನ್ನೊಂದು ಟೆಸ್ಟಿನ ಅಂಕಿ ವಯಸ್ಸು, ರಕ್ತಹೀನತೆ, ಬಸಿರಿನಲ್ಲೂ ಹೆಚ್ಚುತ್ತದೆ. ನಿಮ್ಮಷ್ಟಕ್ಕೆ ಟೆಸ್ಟ್ ಮಾಡಿಸಿ ಗೂಗಲ್ ನೋಡುತ್ತಾ ಕೂರಬೇಡಿ.

ಹಾಸನದಲ್ಲಿ ಹಾರ್ಟ್ ಅಟ್ಯಾಕ್ ಜಾಸ್ತಿ ಅಂದ್ರಲ್ಲ, ಅದಕ್ಕೂ ಉರಿಯೂತಕ್ಕೂ ಸಂಬಂಧ ಇದೆಯಾ?

2025ರ ಜೂನ್, ಜುಲೈನಲ್ಲಿ ಊರೆಲ್ಲ ಇದೇ ಮಾತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ನಸುಕಿಗೇ ಜನ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಸಮಿತಿ ಬೊಟ್ಟು ಮಾಡಿದ್ದು ಸಕ್ಕರೆ ಕಾಯಿಲೆ, ಬಿಪಿ, ಧೂಮಪಾನದಂಥ ಹಳೇ ಕಾರಣಗಳನ್ನೇ.

ಆ ಹಳೇ ಕಾರಣಗಳಿಗೂ ಹೃದಯಕ್ಕೂ ನಡುವಿನ ಒಂದು ಸೇತುವೆ ಉರಿಯೂತ. ಕೆಟ್ಟ ಕೊಲೆಸ್ಟ್ರಾಲ್ ರಕ್ತನಾಳದ ಗೋಡೆಯೊಳಗೆ ಸೇರುತ್ತದೆ. ಮ್ಯಾಕ್ರೋಫೇಜ್ ಅದನ್ನು ತಿಂದು ತಿಂದು ಅಲ್ಲೇ ಉಬ್ಬಿ ಕೂರುತ್ತದೆ, ಐಎಲ್-1 ಬಿಡುತ್ತದೆ. ಗಡ್ಡೆಯ ಮೇಲಿನ ಮುಚ್ಚಳ ತೆಳ್ಳಗಾಗಿ ಒಂದು ದಿನ ಒಡೆದರೆ ರಕ್ತ ಹೆಪ್ಪುಗಟ್ಟುತ್ತದೆ. ಕೊಲೆಸ್ಟ್ರಾಲನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸಿದರೆ ಹೇಗೆ ಅಂತ ಒಂದು ದೊಡ್ಡ ಪ್ರಯೋಗ ಆಯಿತು. ಕ್ಯಾಂಟೋಸ್ ಅಂತ ಅದರ ಹೆಸರು, ಫಲಿತಾಂಶ 2017ರಲ್ಲಿ ಬಂತು. ಮೊದಲೇ ಹೃದಯಾಘಾತವಾಗಿದ್ದ 10,000ಕ್ಕೂ ಹೆಚ್ಚು ಜನ. ಐಎಲ್-1 ಬೀಟಾ ತಡೆಯುವ ಇಂಜೆಕ್ಷನ್ ಪಡೆದವರಲ್ಲಿ ಮತ್ತೆ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಸುಮಾರು ಶೇ 15ರಷ್ಟು ಕಡಿಮೆಯಾಯಿತು. ಆದರೆ ಪ್ರಾಣ ತೆಗೆಯುವ ಸೋಂಕುಗಳು ಸ್ವಲ್ಪ ಹೆಚ್ಚಾದವು. ಬೆಲೆಯೂ ದುಬಾರಿ. ಹಾಗಾಗಿ ಬಳಕೆಗೆ ಬರಲಿಲ್ಲ. ನಮಗೆ ಬೀಡಿ ಬಿಡುವುದು, ಬಿಪಿ ಮಾತ್ರೆ ತಪ್ಪಿಸದಿರುವುದೇ ಸದ್ಯದ ದಾರಿ.

ಸ್ಟೀರಾಯ್ಡ್ ಅಂದ್ರೆ ಭಯ. ತಗೋಬೇಕಾ?

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್, ಸಂಧಿವಾತದಿಂದ ಏಳಲಾಗದ ಹೆಂಗಸೊಬ್ಬರಿಗೆ ಮೊದಲ ಸಲ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. 1950ರಲ್ಲಿ ನೊಬೆಲ್. ಅಡ್ಡಪರಿಣಾಮಗಳು ಗೊತ್ತಾದದ್ದು ಆಮೇಲೆ. ಸ್ಟೀರಾಯ್ಡ್ ಒಂದು ಸೈಟೋಕೈನನ್ನು ಆರಿಸಿ ನಿಲ್ಲಿಸುವುದಿಲ್ಲ, ಹೆಚ್ಚುಕಡಿಮೆ ಎಲ್ಲದರ ಬಾಯಿ ಮುಚ್ಚಿಸುತ್ತದೆ. ಆದ್ದರಿಂದ ಬೇಗ ಕೆಲಸ ಮಾಡುತ್ತದೆ, ಹಾಳೂ ಮಾಡುತ್ತದೆ. ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಕೋವಿಡ್‌ನಲ್ಲಿ ಸೈಟೋಕೈನ್ ಮಿತಿಮೀರಿದಾಗ ಜೀವ ಉಳಿಸಿದ್ದೂ ಅಗ್ಗದ ಡೆಕ್ಸಾಮೆಥಸೋನೇ. ವೆಂಟಿಲೇಟರ್‌ನಲ್ಲಿದ್ದವರ ಸಾವು ಅದರಿಂದ ಮೂರನೇ ಒಂದರಷ್ಟು ತಗ್ಗಿತು ಎಂದು 2020ರಲ್ಲಿ ಇಂಗ್ಲೆಂಡಿನ ರಿಕವರಿ ಪ್ರಯೋಗ ತೋರಿಸಿತು.

ಡಾಕ್ಟರ್ ಕೊಟ್ಟಷ್ಟು ದಿನ, ಕೊಟ್ಟಷ್ಟೇ ಪ್ರಮಾಣ. ವಾರಗಟ್ಟಲೆ ತಿಂದವರು ದಿಢೀರನೆ ನಿಲ್ಲಿಸಬಾರದು. ಆ ಹೊತ್ತಿಗೆ ನಮ್ಮ ಅಡ್ರೀನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿ ಕೂತಿರುತ್ತದೆ.

ನನಗೆ ನಿಜವಾದ ಭಯ ಇರುವುದು ಹೆಸರಿಲ್ಲದ ಪೊಟ್ಟಣಗಳ ಬಗ್ಗೆ. ಸಂತೆಯಲ್ಲಿ ಸಿಗುವ ಕೀಲುನೋವಿನ ಪುಡಿ ತಿಂದ ಮರುದಿನವೇ ನೋವು ಮಾಯ ಅಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆ ಬಹಳ. ಮುಖ ಚಂದ್ರನ ಹಾಗೆ ಗುಂಡಗಾಗಿ ಬಂದವರನ್ನು ಕೇಳಿದರೆ ಚೀಲದಿಂದ ಅದೇ ಪುಡಿ ಹೊರಬರುತ್ತದೆ.

ಮೆಥೊಟ್ರೆಕ್ಸೇಟ್ ಕ್ಯಾನ್ಸರ್ ಮಾತ್ರೆ ಅಲ್ವಾ? ನನಗ್ಯಾಕೆ ಬರೆದ್ರು?

ಕ್ಯಾನ್ಸರಿಗೆ ಕೊಡುವ ಪ್ರಮಾಣ ಬಹಳ ದೊಡ್ಡದು. ಸಂಧಿವಾತಕ್ಕೆ ವಾರಕ್ಕೆ ಸಾಮಾನ್ಯವಾಗಿ 7.5ರಿಂದ 25 ಮಿಲಿಗ್ರಾಂ ಒಳಗೆ. ಈ ಸಣ್ಣ ಪ್ರಮಾಣದಲ್ಲಿ ಅದು ಅಡಿನೋಸಿನ್ ಹೆಚ್ಚಿಸಿ, ಕೆರಳಿದ ಕಣಗಳನ್ನು ತಣ್ಣಗಾಗಿಸುತ್ತದೆ.

ದಪ್ಪ ಅಕ್ಷರದಲ್ಲಿ ಓದಿ: ವಾರಕ್ಕೆ ಒಂದು ದಿನ ಮಾತ್ರ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಬಾಯಿ ಹುಣ್ಣು ಬರುತ್ತದೆ, ಬಿಳಿ ರಕ್ತಕಣ ಕುಸಿಯುತ್ತದೆ. ನಾನು ಕವರಿನ ಮೇಲೆ ವಾರದ ಹೆಸರು ಕನ್ನಡದಲ್ಲಿ ಬರೆದೇ ಕೊಡುತ್ತೇನೆ. ಫೋಲಿಕ್ ಆಸಿಡ್ ಜೊತೆಗೆ ಕೊಟ್ಟಿರುತ್ತಾರೆ, ಅದನ್ನು ಬಿಡಬೇಡಿ. ಕೆಲಸ ಶುರುವಾಗಲು ಆರರಿಂದ ಹನ್ನೆರಡು ವಾರ ಬೇಕು. ಹದಿನೈದು ದಿನ ನೋಡಿ ಪ್ರಯೋಜನ ಇಲ್ಲ ಅಂತ ಬಿಡುವವರೇ ಜಾಸ್ತಿ. ಬಸಿರಿನ ಯೋಚನೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು. ಲಿವರ್ ಟೆಸ್ಟ್ ಆಗಾಗ ಮಾಡಿಸಬೇಕು. ಮದ್ಯ ಬೇಡ.

ಬಯಾಲಾಜಿಕ್ ಇಂಜೆಕ್ಷನ್ ಬರೆದಿದ್ದಾರೆ. ಕೀಲು ನೋವಿಗೆ ಟಿಬಿ ಟೆಸ್ಟ್ ಯಾಕೆ?

ಹೆಚ್ಚಾಗಿ ಒಂದೇ ಒಂದು ಸಂದೇಶವನ್ನು ಹಿಡಿದು ತಡೆಯುವ ಪ್ರೋಟೀನ್ ಔಷಧಿಗಳಿವು, ಬಹುತೇಕ ಆಂಟಿಬಾಡಿಗಳು. ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ, ಟಿಎನ್‌ಎಫ್ ಒಂದನ್ನು ತಡೆದರೆ ಅದರ ಹಿಂದೆ ಬರುವ ಐಎಲ್-1, ಐಎಲ್-6 ಕೂಡ ಇಳಿಯುತ್ತವೆ ಎಂದು ಲ್ಯಾಬಿನಲ್ಲಿ ಕಂಡುಕೊಂಡರು. 1992ರಲ್ಲಿ ಸಂಧಿವಾತದ ರೋಗಿಗಳಿಗೆ ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟು ನೋಡಿದರು. ಇವತ್ತು ಟಿಎನ್‌ಎಫ್‌ಗೆ ಅಡಾಲಿಮುಮ್ಯಾಬ್, ಎಟನರ್‌ಸೆಪ್ಟ್, ಐಎಲ್-6ರ ರಿಸೆಪ್ಟರಿಗೆ ಟೊಸಿಲಿಜುಮ್ಯಾಬ್, ಐಎಲ್-17ಕ್ಕೆ ಸೆಕುಕಿನುಮ್ಯಾಬ್ ಇವೆ. ಬೆಂಗಳೂರಿನ ಬಯೋಕಾನ್ 2013ರಲ್ಲಿ ಸೋರಿಯಾಸಿಸ್‌ಗೆ ತಂದ ಇಟೊಲಿಜುಮ್ಯಾಬ್ ನೇರವಾಗಿ ಟಿ ಕಣಕ್ಕೇ ಕೈ ಹಾಕುತ್ತದೆ. ಟೊಫಾಸಿಟಿನಿಬ್ ಇಂಜೆಕ್ಷನ್ ಅಲ್ಲ, ಮಾತ್ರೆ. ಸಂದೇಶ ಕಣದೊಳಗೆ ಸಾಗುವ ಹಾದಿಗೆ ಅಡ್ಡ ನಿಲ್ಲುತ್ತದೆ.

ಈಗ ಟಿಬಿ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ನಮ್ಮ ದೇಶದಲ್ಲಿದ್ದಾರೆ. ಎಷ್ಟೋ ಜನರ ಶ್ವಾಸಕೋಶದಲ್ಲಿ ಟಿಬಿ ಕ್ರಿಮಿ ಮಲಗಿರುತ್ತದೆ, ಕಾಯಿಲೆ ಇರುವುದಿಲ್ಲ. ಅದನ್ನು ಮ್ಯಾಕ್ರೋಫೇಜ್‌ಗಳು ಸುತ್ತುವರಿದು ಕಟ್ಟಿಹಾಕಿರುತ್ತವೆ. ಆ ಸುತ್ತುಗೋಡೆ ಬಿಗಿಯಾಗಿ ನಿಲ್ಲಲು ಟಿಎನ್‌ಎಫ್ ಬೇಕು. ಇಂಜೆಕ್ಷನ್ ಕೊಟ್ಟು ಟಿಎನ್‌ಎಫ್ ತೆಗೆದರೆ ಕೀಲು ಸುಧಾರಿಸುತ್ತದೆ, ಗೋಡೆ ಸಡಿಲವಾಗಿ ಟಿಬಿ ಎದ್ದು ಬರಬಹುದು. ಆದ್ದರಿಂದ ಮೊದಲು ಎದೆ ಎಕ್ಸ್‌ರೇ, ಚರ್ಮದ ಮಾಂಟೂ ಅಥವಾ ರಕ್ತದ ಇಗ್ರಾ ಟೆಸ್ಟ್. ಮನೆಯಲ್ಲಿ ಯಾರಿಗಾದರೂ ಹಿಂದೆ ಟಿಬಿ ಇದ್ದರೆ ಮರ್ಯಾದೆ ಅಂತ ಮುಚ್ಚಿಡಬೇಡಿ. ಇಂಜೆಕ್ಷನ್ ಶುರುವಾದ ಮೇಲೆ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಕಂಡರೆ ತಕ್ಷಣ ಹೋಗಿ.

ಆಲೂಗಡ್ಡೆ ಬಿಡಬೇಕಾ? ಅರಿಶಿನ ಕುಡಿದ್ರೆ ಸಾಕಾ?

ಹಾಸನದಲ್ಲಿ ಕೂತು ಆಲೂಗಡ್ಡೆ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ. ಹೇಳುವ ಕಾರಣವೂ ಇಲ್ಲ. ಆಲೂಗಡ್ಡೆ, ಬದನೆಕಾಯಿ ತಿಂದರೆ ರುಮಟಾಯ್ಡ್ ಬರುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಅರಿಶಿನದ ಕರ್ಕ್ಯುಮಿನ್ ಲ್ಯಾಬಿನಲ್ಲಿ ಸೈಟೋಕೈನ್ ತಗ್ಗಿಸುತ್ತದೆ, ನಿಜ. ಆದರೆ ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಸಾರಿಗೆ ಹಾಕಿ, ಹಾಲಿಗೆ ಹಾಕಿ, ತೊಂದರೆಯಿಲ್ಲ. ಕರ್ಕ್ಯುಮಿನ್ ಕ್ಯಾಪ್ಸೂಲ್ ಮಾತ್ರ ಕೇಳದೆ ನುಂಗಬೇಡಿ, ಲಿವರಿಗೆ ಹೊಡೆತ ಬಿದ್ದ ಉದಾಹರಣೆಗಳಿವೆ. ಹೊಟ್ಟೆ ಬೊಜ್ಜು ಕರಗಿಸುವುದಂತೂ ಉಪಯೋಗ. ಕೊಬ್ಬಿನೊಳಗೆ ಸೇರಿದ ಮ್ಯಾಕ್ರೋಫೇಜ್‌ಗಳೂ ಟಿಎನ್‌ಎಫ್, ಐಎಲ್-6 ಬಿಡುತ್ತವೆ.

ಯಾವಾಗ, ಯಾವ ಡಾಕ್ಟರ್ ಹತ್ತಿರ ಹೋಗಬೇಕು?

ಬೆಳಗ್ಗೆ ಎದ್ದಾಗ ಕೈ ಬೆರಳು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿದಿದ್ದರೆ, ಕೀಲು ಊದಿ ಆರು ವಾರ ದಾಟಿದರೆ, ಮಲದಲ್ಲಿ ಪದೇ ಪದೇ ರಕ್ತ ಬಂದರೆ, ಕಣ್ಣು ಕೆಂಪಾಗಿ ನೋವಾದರೆ ಕಾಯಬೇಡಿ. ಮೊದಲು ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನಲ್ಲೋ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೋ ಮೆಡಿಸಿನ್ ಡಾಕ್ಟರನ್ನು ನೋಡಿ. ಬೇಕಿದ್ದರೆ ಅವರೇ ಸಂಧಿವಾತದ ತಜ್ಞ ರುಮಟಾಲಜಿಸ್ಟ್ ಹತ್ತಿರ ಕಳಿಸುತ್ತಾರೆ. ಅದಕ್ಕೆ ಮೈಸೂರೋ ಬೆಂಗಳೂರೋ ಹೋಗಬೇಕಾಗಬಹುದು. ಹಳೇ ರಿಪೋರ್ಟು, ಎಕ್ಸ್‌ರೇ, ತಿನ್ನುತ್ತಿರುವ ಎಲ್ಲ ಮಾತ್ರೆಯ ಸ್ಟ್ರಿಪ್, ಆ ಸಂತೆ ಪುಡಿಯ ಪೊಟ್ಟಣವನ್ನೂ ಸೇರಿಸಿ ಒಂದೇ ಚೀಲದಲ್ಲಿ ಹಾಕಿಕೊಳ್ಳಿ. ಡಾಕ್ಟರ್ ಯಾವ ದಿನ ಸಿಗುತ್ತಾರೆ ಅಂತ ಫೋನ್ ಮಾಡಿ ಕೇಳಿಕೊಂಡೇ ಬಸ್ ಹತ್ತಿ.